ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ

ಕೇಣಿಚಿರ
9 ಫೆಬ್ರವರಿ 2025

ಸುಶೀಲಕ್ಕನಿಗೆ, ತಮ್ಮ ಧರ್ಮರಾಜನ ನಮಸ್ಕಾರ.

ಅಕ್ಷರ ಇಷ್ಟು ದಪ್ಪ ಯಾಕೆ ಎಂದು ಬೈಯಬೇಡ. ಸಣ್ಣಗೆ ಬರೆದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಹೋದ ಸಲ ನಾನು ಕಿರುಚಿದ್ದಕ್ಕೆ ಪಕ್ಕದ ತೋಟದವರು ಏನಾಯಿತೋ ಎಂದು ಓಡಿ ಬಂದರು. ನೀನು ಮಾತ್ರ ಆ ಕಡೆಯಿಂದ ‘ಯಾರದು, ಯಾರದು’ ಎನ್ನುತ್ತಲೇ ಇದ್ದೆ. ಹಾಗಾಗಿ ಕಾಗದವೇ ಗತಿ.

ವಿಷಯ ಇಷ್ಟೆ. ನನಗೆ ಹೊಸ ಕನ್ನಡಕ ಬೇಕು. ಈಗಿರುವುದನ್ನು ಹಾಕಿಕೊಂಡರೆ ಪುಸ್ತಕ ಕಾಣುತ್ತದೆ, ತಲೆ ಎತ್ತಿದರೆ ಎದುರಿಗಿರುವವರೆಲ್ಲ ಹೊಗೆ. ತೆಗೆದರೆ ಎದುರಿನವರು ಒಂದು ಮಟ್ಟಿಗೆ ಕಾಣುತ್ತಾರೆ, ಪುಸ್ತಕದಲ್ಲಿ ಇರುವೆ ಸಾಲು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬರುವುದರೊಳಗೆ ಇದು ಸರಿಯಾಗಬೇಕು. ಬಸದಿಯಲ್ಲಿ ಹತ್ತು ದಿನವೂ ಸಂಜೆ ಶಾಸ್ತ್ರ ಓದುವವನು ನಾನೇ ಎಂದು ನಿನಗೆ ಗೊತ್ತು. ಕನ್ನಡ ಅಕ್ಷರ ಬಲ್ಲವರು ಇಲ್ಲಿ ಇನ್ನು ಯಾರಿದ್ದಾರೆ? ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದು ಬರಹವೆಲ್ಲ ಮಲಯಾಳ. ನನ್ನ ಮಗ ಅರಿಹಂತನೇ ಕನ್ನಡ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಆಶ್ಚರ್ಯವಿಲ್ಲ.

ಅದಕ್ಕೇ ಮೊನ್ನೆ ಕಲ್ಪೆಟ್ಟದ ದೊಡ್ಡ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟರೆ ಮೈ ನಡುಗುವಷ್ಟು ಎಸಿ. ಗೆರೆ ಇಲ್ಲದ ಗಾಜು ಬಂದಿದೆಯಂತೆ, ಪ್ರೋಗ್ರೆಸಿವ್ ಎನ್ನುತ್ತಾರೆ. ಮೇಲಿನ ಭಾಗದಲ್ಲಿ ದೂರದ್ದು, ಕೆಳಗಿನ ಭಾಗದಲ್ಲಿ ಹತ್ತಿರದ್ದು, ನಡುವೆ ನಡುವಿನದು. ಅದರಲ್ಲೂ ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ. ಬೆಳ್ಳಿಯದೇ ಹದಿನಾಲ್ಕು ಸಾವಿರ. ಅದಕ್ಕಿಂತ ಕಡಿಮೆಯದು ಇಲ್ಲವೇ ಎಂದರೆ ಅಲ್ಲಿದ್ದವನು ನನ್ನ ಚಪ್ಪಲಿಯತ್ತ ಒಮ್ಮೆ ನೋಡಿ, ಇದೆ, ಆದರೆ ಕಡಿಮೆಯದರಲ್ಲಿ ಬದಿಯೆಲ್ಲ ಅಲುಗಾಡುತ್ತದೆ, ತಲೆ ಸುತ್ತುತ್ತದೆ, ಸಾರ್, ಮತ್ತೆ ಇಲ್ಲಿಗೇ ಬರುತ್ತೀರಿ ಎಂದ. ಮೂಗಿಗಿಂತ ಮೂಗುತಿ ಭಾರ. ಬೇಡ ಮಾರಾಯ ಎಂದು ಎದ್ದೆ.

ಏಳುವುದರೊಳಗೆ ಅವರು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ನನ್ನನ್ನು ಕೂರಿಸಿ ಎಬ್ಬಿಸಿ ಮಧ್ಯಾಹ್ನ ಕಳೆದಿದ್ದರು. ದಾರಿಯ ಮೀನಂಗಾಡಿ ಊರಿನಲ್ಲಿ ಬಸ್ಸು ತಪ್ಪಿತು. ಮನೆಗೆ ಬಂದಾಗ ಸೂರ್ಯ ಮುಳುಗಿ ಆಗಿತ್ತು. ಮುಳುಗಿದ ಮೇಲೆ ನಾವು ಉಣ್ಣುವವರಲ್ಲವಲ್ಲ, ಬಡಿಸಿಟ್ಟ ತಟ್ಟೆಯನ್ನು ನೋಡಿ ಮಲಗಬೇಕಾಯಿತು. ಅನಂತಮತಿ ತಟ್ಟೆ ಎತ್ತಿಡುತ್ತಾ, “ಸೂರ್ಯ ನಿಮಗೋಸ್ಕರ ನಿಲ್ತಾನಾ? ಅದು ನಿಮಗೆ ಯಾವತ್ತು ಗೊತ್ತಾಗೋದು?” ಎಂದಳು. ಬಸ್ಸು ತಪ್ಪಿದ್ದಕ್ಕೆ ಇಷ್ಟು ಮಾತೇ? ಹೆಂಡತಿ ಹೀಗೆ ಕಟು ಆಡಲು ಹಿಡಿದು ತಿಂಗಳುಗಳಾದವು. ಇರಲಿ, ಅದು ಬೇರೆ ಕತೆ.

ನಿನ್ನ ತಮ್ಮ,
ಧರ್ಮರಾಜ

*

ಸಾಲಿಗ್ರಾಮ
24 ಫೆಬ್ರವರಿ 2025

ಧರ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಅಷ್ಟು ದಪ್ಪಕ್ಷರವನ್ನು ಪೋಸ್ಟಿನವನು ಲಕೋಟೆಯ ಹೊರಗಿನಿಂದಲೇ ಓದಿರಬೇಕು, ನನಗೆ ಕೊಡುವಾಗ ನಗುತ್ತಿದ್ದ.

ನನ್ನ ಕಿವಿಯ ಸುದ್ದಿ ಎತ್ತಬೇಡ. ಅಳಿಯ ತಂದುಕೊಟ್ಟ ಮಷೀನು ಡಬ್ಬಿಯಲ್ಲೇ ಇದೆ. ಅದನ್ನು ಸಿಕ್ಕಿಸಿಕೊಂಡರೆ ಪ್ರತಿಯೊಬ್ಬರ ಮಾತೂ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತದೆ. ಕೇಳದೆ ಹೋದ ಮಾತಿನಲ್ಲಿ ಮುಕ್ಕಾಲು ಪಾಲು ಕೇಳಬೇಕಾದ್ದೇ ಅಲ್ಲ ಎಂದು ಈಚೆಗೆ ತಿಳಿದಿದೆ.

ಈಗ ನನ್ನ ಪ್ರಶ್ನೆಗೆ ಉತ್ತರ ಹೇಳು. ಶಾಸ್ತ್ರ ಓದುವವನು ಪುಟ ನೋಡಬೇಕು. ಅಪ್ಪ ಅಷ್ಟು ವರ್ಷ ಓದಿದರು, ಓದುವಾಗ ಅವರು ತಲೆ ಎತ್ತಿದ್ದನ್ನು ನಾನು ಕಂಡಿಲ್ಲ. ಬತ್ತೇರಿಯ ರಸ್ತೆ ಬದಿಯಲ್ಲಿ ಇನ್ನೂರು ರೂಪಾಯಿಗೆ ಓದುವ ಕನ್ನಡಕ ಸಿಗುತ್ತದೆ. ಎರಡೂ ಬೇಕೆಂದಿದ್ದರೆ ಅಪ್ಪ ಹಾಕುತ್ತಿದ್ದಂಥ ಗೆರೆಯ ಕನ್ನಡಕ ಇದೆ. ಗೆರೆ ಕಂಡರೆ ಮುದುಕನಾದೆ ಎನ್ನುತ್ತಾರೆಂಬ ಭಯವೇ? ಅರವತ್ತಾದವನನ್ನು ಗೆರೆ ಇಲ್ಲದಿದ್ದರೂ ಮುದುಕ ಎಂದೇ ಅನ್ನುತ್ತಾರೆ.

ಅಲ್ಲ ಕಣೋ, ನೀನು ಎದುರಿಗೆ ನೋಡಬೇಕಾದ್ದು ಏನಿದೆ?

ಅನಂತಮತಿ ಸುಮ್ಮನೆ ಕಟು ಆಡುವವಳಲ್ಲ. ‘ಬೇರೆ ಕತೆ’ ಎಂದು ಬರೆದು ಬಿಟ್ಟರೆ ನಾನು ಬಿಡುತ್ತೇನೆಯೇ?

ಇಂತಿ ನಿನ್ನಕ್ಕ,
ಸುಶೀಲ

*

ಕೇಣಿಚಿರ
6 ಏಪ್ರಿಲ್ 2025

ಅಕ್ಕ,

ಮೆಣಸು ಕೊಯ್ದು ಒಣಗಿಸಿ ಮುಗಿಯುವವರೆಗೆ ಪೆನ್ನು ಹಿಡಿಯಲು ಆಗಲಿಲ್ಲ. ಕನ್ನಡಕದ ಪಾಡು ಹೇಳಿದರೆ ನೀನು ನಗುತ್ತೀಯ. ನಗು. ಇಲ್ಲಿ ನಗುವವರಿಗೇನೂ ಕೊರತೆಯಿಲ್ಲ.

ಕಲ್ಪೆಟ್ಟ ಆಯಿತಲ್ಲ, ಆಮೇಲೆ ಮಾನಂತವಾಡಿ. ಅಲ್ಲಿ ಅಂಗಡಿಯ ಮುಂದೆ ಬಾಳೆಮರದುದ್ದದ ಬೋರ್ಡು, ಒಂದು ಕೊಂಡರೆ ಒಂದು ಉಚಿತ. ಕಣ್ಣು ಪರೀಕ್ಷೆ ಮಾಡಿ ನಂಬರು ಬರೆದುಕೊಟ್ಟರು. ಕಲ್ಪೆಟ್ಟದ ನಂಬರೇ ಬೇರೆ, ಇದೇ ಬೇರೆ. ಯಾಕೆ ಹೀಗೆ ಎಂದರೆ ಅವರು ತಪ್ಪು, ನಾವು ಸರಿ ಎಂದರು. ಉಚಿತದ ಲೆಕ್ಕ ಕೇಳಿದೆ. ಉಚಿತ ಫ್ರೇಮಿಗಂತೆ, ಗಾಜಿಗಲ್ಲವಂತೆ. ಗಾಜಿಲ್ಲದ ಫ್ರೇಮನ್ನು ಎಮ್ಮೆಗೆ ಹಾಕಲೇ ಎಂದು ಕೇಳಿ ಬಂದೆ.

ಅರಿಹಂತ್ ಇದನ್ನೆಲ್ಲ ನೋಡಿ, ಅಪ್ಪ ಊರೂರು ಅಲೆಯೋದು ಬೇಡ, ಫೋನಿನಲ್ಲೇ ತರಿಸುತ್ತೇನೆ ಎಂದ. ಹಣೆಗೆ ಎಟಿಎಂ ಕಾರ್ಡು ಅಂಟಿಸಿಕೊಂಡು ಫೋಟೋ ತೆಗೆಸಿಕೊಳ್ಳಬೇಕಂತೆ, ಎರಡು ಕಣ್ಣಿನ ನಡುವಿನ ಅಂತರ ಅಳೆಯಲು. ಹಾಗೇ ಕಾರ್ಡು ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಮೆಣಸಿನ ವ್ಯಾಪಾರಿ ಬಂದ. ಅವನ ಮುಖ ನೋಡಿ ಕಾರ್ಡು ಕಿತ್ತು ಮಗನ ಕೈಗೆ ಕೊಟ್ಟೆ. ಅಲ್ಲಿಗೆ ಅದು ಮುಗಿಯಿತು.

ಕೊನೆಗೆ ಬತ್ತೇರಿಯಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿ ಗೀತು ಎಂಬ ಹುಡುಗಿ ಇದ್ದಾಳೆ, ತಾಳ್ಮೆಯವಳು. ಅವಳ ನಂಬರು ಮೂರನೆಯದು. ಮೂರು ಅಂಗಡಿ, ಮೂರು ನಂಬರು, ಕಣ್ಣು ಮಾತ್ರ ಅದೇ ಎರಡು. ನಾಲ್ಕೂವರೆ ಸಾವಿರಕ್ಕೆ ಒಪ್ಪಿಕೊಂಡೆ. ಗಾಜಿನ ಮೇಲೆ ಪೆನ್ನಿನಿಂದ ಚುಕ್ಕಿ ಇಟ್ಟು, ಒರೆಸಿ, ನನ್ನ ಮೂಗಿನ ಮೇಲೆ ಕೂರಿಸಿ, ಕೈಗೊಂದು ಅಕ್ಷರದ ಕಾರ್ಡು ಕೊಟ್ಟಳು. ಅಕ್ಕ, ಕೊನೆಯ ಸಾಲಿನವರೆಗೂ ಓದಿದೆ. ತಲೆ ಎತ್ತಿದರೆ ರಸ್ತೆಯಾಚೆಯ ಬಸ್ಸಿನ ಬೋರ್ಡೂ ಕಂಡಿತು. ಎಷ್ಟು ಸಂತೋಷವಾಯಿತೆಂದರೆ ಚೌಕಾಸಿ ಮಾಡುವುದನ್ನೇ ಮರೆತೆ.

ಸಂತೋಷ ಬಸ್ಸು ಹತ್ತುವವರೆಗೆ. ಮೆಟ್ಟಿಲು ಇದ್ದಲ್ಲಿ ಇಲ್ಲ, ಇಲ್ಲದಲ್ಲಿ ಇದೆ. ತೋಟದಲ್ಲಿ ನಡೆದರೆ ನೆಲ ಎದೆಯವರೆಗೆ ಎದ್ದು ಬರುತ್ತದೆ. ಬಸದಿಯ ಮೆಟ್ಟಿಲಿನಲ್ಲಿ ಎಡವಿ ಕಂಬ ಹಿಡಿದುಕೊಂಡೆ. ಗೀತುವಿಗೆ ಫೋನು ಮಾಡಿದರೆ ಒಂದೇ ಮಾತು, ಶೀಲಮಾಗುಂ. ರೂಢಿಯಾಗುತ್ತದೆ ಎಂದರ್ಥ. ಎರಡು ವಾರ ಹಾಕಿಕೊಂಡೇ ಇರಬೇಕಂತೆ. ಹೆಣ್ಣು ಕೊಟ್ಟ ಮಾವನೂ ನನಗೆ ಇಷ್ಟು ಬುದ್ಧಿ ಹೇಳಿರಲಿಲ್ಲ.

ನೀನು ಕೇಳಿದ್ದಕ್ಕೆ ಇನ್ನೊಮ್ಮೆ ಬರೆಯುತ್ತೇನೆ.

ಧರ್ಮರಾಜ

*

ಸಾಲಿಗ್ರಾಮ
22 ಏಪ್ರಿಲ್ 2025

ಧರ್ಮ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎರಡು ವಾರ ಹಾಕಿಕೋ.

ಕಾಗದ ನಾಲ್ಕು ಪುಟ, ನಾನು ಕೇಳಿದ್ದಕ್ಕೆ ಒಂದು ಸಾಲು. ಚಿಕ್ಕವನಿದ್ದಾಗಲೂ ಹೀಗೇ. ಮೊಣಕಾಲು ತರಚಿದ್ದನ್ನು ಊರಿಗೆಲ್ಲ ತೋರಿಸುತ್ತಿದ್ದೆ, ಯಾರು ತಳ್ಳಿದರೆಂದು ಮಾತ್ರ ಹೇಳುತ್ತಿರಲಿಲ್ಲ.

ಸುಶೀಲ

*

ಕೇಣಿಚಿರ
15 ಜೂನ್ 2025

ಅಕ್ಕ,

ಹೇಳುತ್ತೇನೆ. ಹೇಳಿದ ಮೇಲೆ ಸಮಾಧಾನ ಮಾಡಲು ಬರಬೇಡ.

ಹೋದ ವರ್ಷದ ಪರ್ವದ ಎರಡನೆಯ ದಿನ. ಉತ್ತಮ ಮಾರ್ದವದ ಅಧ್ಯಾಯ. ನಾನು ಆ ಹತ್ತು ದಿನವೂ ಒಪ್ಪೊತ್ತಿನಲ್ಲಿರುತ್ತೇನೆ, ನಡುಹಗಲಿಗೆ ಒಂದು ಊಟ ಮುಗಿಸಿದರೆ ಆಯಿತು, ಸೂರ್ಯ ಇರುವವರೆಗೆ ಕಾಯಿಸಿದ ನೀರು ಮಾತ್ರ. ಹೊಟ್ಟೆ ಹಗುರವಿದ್ದರೆ ನಾಲಗೆಯೂ ಹಗುರ. ಅವತ್ತು ಓದು ಚೆನ್ನಾಗಿ ಬಂತು. ಒಂದೊಂದು ಶ್ಲೋಕಕ್ಕೂ ಅರ್ಥ, ಅರ್ಥಕ್ಕೆ ತಕ್ಕ ಕತೆ, ಅಪ್ಪ ಹೇಳುತ್ತಿದ್ದ ದೃಷ್ಟಾಂತ. ನಡುನಡುವೆ ತಲೆ ಎತ್ತಿ ಎಲ್ಲರನ್ನೂ ನೋಡಿ ಹೇಳುತ್ತಿದ್ದೆ. ನೋಡಿ ಎಂದು ಬರೆದೆನಲ್ಲ, ಕಂಡದ್ದು ಹೊಗೆ. ಆ ಹೊಗೆಯಲ್ಲಿ ಎಲ್ಲರೂ ಕೂತಿದ್ದಾರೆ ಎಂದುಕೊಂಡಿದ್ದೆ.

ಮಂಗಳ ಹಾಡಿ ಕನ್ನಡಕ ತೆಗೆದರೆ ಚಾಪೆ ಖಾಲಿ. ಮೂಲೆಯಲ್ಲಿ ಗೋಡೆಗೊರಗಿ ಮೂವರು ಮುದುಕರು, ಅದರಲ್ಲಿ ಒಬ್ಬರು ನಿದ್ದೆ. ಹೆಂಗಸರ ಕಡೆ ಯಾರೂ ಇಲ್ಲ. ಅನಂತಮತಿಯ ಜಾಗವೂ ಖಾಲಿ. ಅವಳೂ ಎದ್ದು ಹೋಗಿದ್ದಳು, ಅಕ್ಕ. ನಾನು ಹುಚ್ಚನ ಹಾಗೆ ಬರೀ ಚಾಪೆಗೆ ಕೈಬೀಸಿ ಧರ್ಮ ಹೇಳುತ್ತಿದ್ದೆ.

ಯಾರನ್ನೂ ಕೇಳಲಿಲ್ಲ. ಕೇಳುವುದೇನು, ಕನ್ನಡ ಶಾಸ್ತ್ರ ಈಗ ಯಾರಿಗೂ ಬೇಡ. ಕೂತು ಕೇಳುವವರ ಹಾಗೆ ಮಾಡಿ ನಾನು ತಲೆ ತಗ್ಗಿಸಿದ ಕೂಡಲೇ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ. ಉಳಿದ ದಿನಗಳು ತಲೆಯನ್ನೇ ಎತ್ತದೆ ಓದಿ ಮುಗಿಸಿದೆ. ಹೆಂಡತಿಯನ್ನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವತ್ತಿನಿಂದ ಅವಳ ಮಾತು ಬೇಕಾದಷ್ಟೇ. ತಪ್ಪು ಮಾಡಿದವಳೇ ಮುಖ ತಿರುಗಿಸಿದರೆ ನಾನೇನು ಮಾಡಲಿ?

ಈ ವರ್ಷ ಓದುತ್ತಾ ಓದುತ್ತಾ ಎದುರಿಗೆ ಕಾಣಬೇಕು. ಯಾರು ಎದ್ದರು, ಯಾವ ಮಾತಿಗೆ ಎದ್ದರು ಎಂದು ನೋಡಬೇಕು. ಅದಕ್ಕೇ ಈ ಕನ್ನಡಕ. ಈಗ ತಿಳಿಯಿತೇ?

ಅದಾದರೂ ಆಯಿತೇ ಎಂದರೆ ಅದೂ ಇಲ್ಲ. ದೂರದ್ದು ಚೆನ್ನಾಗಿದೆ. ನೆಲವೂ ಸ್ವಲ್ಪ ತಗ್ಗಿದೆ. ಆದರೆ ಬಸದಿಯಲ್ಲಿ ಪುಸ್ತಕ ಇಡುವ ಮರದ ಠವಣೆಯ ಮೇಲೆ ಶಾಸ್ತ್ರ ಬಿಡಿಸಿ ಕೂತರೆ ಪುಟ ಮಸುಕು! ಹಳೆಯ ಕನ್ನಡಕದಲ್ಲೇ ವಾಸಿ. ಎರಡು ಸಲ ಬತ್ತೇರಿಗೆ ಹೋದೆ. ಗೀತು ಕುರ್ಚಿಯಲ್ಲಿ ಕೂರಿಸಿ ಕಾರ್ಡು ಕೊಡುತ್ತಾಳೆ, ಅಲ್ಲಿ ಎಲ್ಲ ಸ್ಪಷ್ಟ. ತಲೆ ತಗ್ಗಿಸಬೇಡಿ, ಗದ್ದ ನೇರ ಇಟ್ಟು ಕಣ್ಣು ಮಾತ್ರ ಇಳಿಸಿ ಎನ್ನುತ್ತಾಳೆ. ಅಲ್ಲಿ ಹಾಗೇ ಮಾಡುತ್ತೇನೆ, ಕಾಣುತ್ತದೆ. ಬಸದಿಗೆ ಬಂದರೆ ಕಾಣುವುದಿಲ್ಲ. ಅಂಗಡಿಯಲ್ಲಿ ಒಂದು ಗಾಜು ತೋರಿಸಿ ಇನ್ನೊಂದು ಕಟ್ಟಿಕೊಡುತ್ತೀರಾ ಎಂದು ಎರಡನೆಯ ಸಲ ಜೋರು ಮಾಡಿದೆ. ಅಂಗಡಿಯವನು ಹೊರಗೆ ಬಂದು, ನಿಮಗೆ ಬೇಕಾದದ್ದು ಕಲ್ಪೆಟ್ಟದ ಹದಿನಾಲ್ಕು ಸಾವಿರದ್ದೇ, ನಮ್ಮದಲ್ಲ ಎಂದ. ಎಲ್ಲರೂ ನೋಡುತ್ತಿದ್ದರು.

ನಿನ್ನೆ ಬಸದಿಯ ಸಮಿತಿಯವರಿಗೆ ಹೇಳಿಬಿಟ್ಟೆ, ಈ ಸಲ ನಾನು ಓದುವುದಿಲ್ಲ, ಮಲಯಾಳದಲ್ಲಿ ಅಚ್ಚು ಹಾಕಿಸಿಕೊಂಡು ಯಾರಾದರೂ ಓದಿಕೊಳ್ಳಲಿ ಎಂದು. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಮುಖ ಮುಖ ನೋಡಿಕೊಂಡರು. ಅಪ್ಪ ಕೂತ ಜಾಗ ಅಕ್ಕ ಅದು. ನನ್ನ ಬಾಯಿಂದಲೇ ಅದು ಬಂತು.

ಧರ್ಮರಾಜ

*

ಸಾಲಿಗ್ರಾಮ
2 ಜುಲೈ 2025

ನನ್ನ ತಮ್ಮ ಧರ್ಮನಿಗೆ,

ಸಮಾಧಾನ ಮಾಡಬೇಡ ಎಂದಿದ್ದೀಯ, ಮಾಡುವುದಿಲ್ಲ. ಬೈಯುತ್ತೇನೆ.

ಮೊದಲು ಕನ್ನಡಕದ್ದು. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಂಗಡಿಯಲ್ಲಿ ಕಾಣುತ್ತದೆ, ಬಸದಿಯಲ್ಲಿ ಕಾಣುವುದಿಲ್ಲ. ಗಾಜು ಅದೇ, ಕಣ್ಣು ಅದೇ. ಹಾಗಾದರೆ ಬದಲಾದದ್ದು ಏನು? ಅಂಗಡಿಯಲ್ಲಿ ನೀನು ಕುರ್ಚಿಯಲ್ಲಿ ಕೂತು ಕಾರ್ಡನ್ನು ಕೈಯಲ್ಲಿ ಹಿಡಿಯುತ್ತೀಯ. ಬಸದಿಯಲ್ಲಿ ಹೇಗೆ ಕೂರುತ್ತೀಯ? ಚಕ್ಕಳಮಕ್ಕಳ ಹಾಕಿ, ಕೈಮುಗಿದು, ನೆಲದ ಮೇಲಿನ ಠವಣೆಗೆ ತಲೆ ಬಗ್ಗಿಸಿ. ಆ ಭಂಗಿ ನನಗೆ ಗೊತ್ತಿಲ್ಲವೇ? ನಿನಗೆ ಓದು ಕಲಿಸುವಾಗ ಅಪ್ಪ ಹಿಂದೆ ನಿಂತು ಕುತ್ತಿಗೆ ಅದುಮುತ್ತಿದ್ದರು. ಶಾಸ್ತ್ರದ ಮುಂದೆ ಗದ್ದ ಎತ್ತಬಾರದು, ಎತ್ತಿದರೆ ಗರ್ವ ಎಂದು. ನಾನು ಹಿಂದೆ ಕೂತು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದೆ. ಅರವತ್ತಾದರೂ ಆ ಕೈ ನಿನ್ನ ಕುತ್ತಿಗೆಯ ಮೇಲೇ ಇದೆ.

ತಲೆಯನ್ನೇ ಬಗ್ಗಿಸಿದರೆ ನೀನು ನೋಡುವುದು ಗಾಜಿನ ಮೇಲಿನ ಭಾಗದಿಂದ. ಅದು ದೂರದ್ದು ಎಂದು ನೀನೇ ಬರೆದಿದ್ದೀಯ. ಪುಸ್ತಕ ಮಸುಕಾಗದೆ ಇನ್ನೇನಾಗುತ್ತದೆ? ಆ ಹುಡುಗಿ ಪಾಪ, ಬಾಯಿಬಿಟ್ಟು ಹೇಳಿದ್ದಾಳೆ, ಕಣ್ಣು ಮಾತ್ರ ಇಳಿಸಿ ಎಂದು. ನೀನು ಯಾವ ಅಂಗಡಿಯಲ್ಲಾದರೂ ನಾನು ನೆಲದ ಮೇಲೆ ಕೂತು ಓದುವವನು ಎಂದು ಹೇಳಿದ್ದೆಯಾ? ಹೇಳಿರುವುದಿಲ್ಲ. ನಿನಗೆ ಓದುವುದೆಂದರೆ ಹಾಗೆ ಓದುವುದೇ. ಬೇರೆಯವರು ಬೇರೆ ಥರ ಕೂರುತ್ತಾರೆ ಎಂದು ತಲೆಗೆ ಹೊಳೆದಿರುವುದಿಲ್ಲ.

ಈಗ ಹೀಗೆ ಮಾಡು. ಠವಣೆಯ ಕೆಳಗೆ ಒಂದು ಎತ್ತರದ ಮಣೆ ಹಾಕು. ಅದನ್ನು ಮೊಣಕಾಲಿನ ಹತ್ತಿರಕ್ಕೆ ಎಳೆದುಕೋ. ಬೆನ್ನು ನೇರ ಇಟ್ಟು ಕಣ್ಣು ಮಾತ್ರ ತಗ್ಗಿಸು. ಅಪ್ಪ ಏನೆನ್ನುತ್ತಾರೋ ಎಂದು ಹೆದರಬೇಡ. ನೀನು ಬಗ್ಗುವ ಬದಲು ಶಾಸ್ತ್ರವನ್ನೇ ಮೇಲಕ್ಕೆ ಏರಿಸಿದ ಹಾಗಾಯಿತು, ಇದರಲ್ಲಿ ಯಾವ ಗರ್ವ? ಇಷ್ಟಕ್ಕೂ ಗರ್ವ ಇರುವುದು ಗದ್ದದಲ್ಲಲ್ಲ. ಮಾರ್ದವದ ಅಧ್ಯಾಯ ಓದಿ, ಅಹಂಕಾರ ಬಿಡಿ ಎಂದು ಊರಿಗೆ ಹೇಳಿ, ಅದೇ ಸಂಜೆ ಒಂದು ವರ್ಷಕ್ಕಾಗುವಷ್ಟು ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಹೋದವನು ನೀನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಎರಡನೆಯ ಬೈಗುಳ ಇದೇ. ಅನಂತಮತಿ ಯಾಕೆ ಎದ್ದು ಹೋದಳು ಎಂದು ಅವಳನ್ನು ಕೇಳು. ನನಗೆ ಕಿವಿ ಇಲ್ಲ, ಕೇಳಿದರೂ ಉತ್ತರ ಸಿಗುವುದಿಲ್ಲ. ನಿನಗಿದೆಯಲ್ಲ.

ನೀನು ಅಲ್ಲಿ ಕೂತು ಓದಿದ ಸುದ್ದಿ ಬಂದರೆ ನಾನು ಕಿವಿಗೆ ಆ ಮಷೀನು ಹಾಕಿಕೊಳ್ಳುತ್ತೇನೆ. ಸಾಸಿವೆ ಸಿಡಿದರೆ ಸಿಡಿಯಲಿ.

ಸುಶೀಲ

*

ಕೇಣಿಚಿರ
10 ಆಗಸ್ಟ್ 2025

ಅಕ್ಕ,

ಕಂಡಿತು.

ಮೂರು ಪಟ್ಟಣ ಸುತ್ತಿದ್ದೆ, ಮಗಳ ವಯಸ್ಸಿನ ಹುಡುಗಿಯ ಜೊತೆ ಜಗಳ ಆಡಿದ್ದೆ, ಬೇಕಾಗಿದ್ದದ್ದು ಅಡುಗೆಮನೆಯ ಒಂದು ಮಣೆ. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಕುತ್ತಿಗೆ ಇನ್ನೂ ಕೇಳುವುದಿಲ್ಲ, ಪುಟ ತಿರುವಿದಾಗಲೆಲ್ಲ ತಾನಾಗಿ ಬಗ್ಗುತ್ತದೆ. ಬಗ್ಗಿದ ಕೂಡಲೇ ಅಕ್ಷರ ಕರಗುತ್ತದೆ. ಗದ್ದ ಎತ್ತಿದರೆ ಅಪ್ಪ ಹಿಂದೆ ನಿಂತಂತಾಗಿ ಬೆನ್ನು ಜುಂ ಎನ್ನುತ್ತದೆ. ದಿನವೂ ಹೋಗಿ ಖಾಲಿ ಬಸದಿಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದೇನೆ.

ಬತ್ತೇರಿಗೂ ಹೋಗಿದ್ದೆ. ಗೀತುವಿಗೆ ನೆಲದ ವಿಷಯ ಹೇಳಿದೆ. ಮೊದಲೇ ಹೇಳಬಾರದಿತ್ತೇ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಕನ್ನಡಕಕ್ಕೆ ಕಟ್ಟುವ ದಾರವೊಂದನ್ನು ಕೊಂಡು ಬಂದೆ, ಬೇಡವಾಗಿದ್ದರೂ.

ಸಮಿತಿಯವರಿಗೆ ಬೇರೆ ಯಾರೂ ಸಿಕ್ಕಿಲ್ಲ. ನಾನೇ ಓದುತ್ತೇನೆ ಎಂದೆ. ಆಗಲೂ ಅವರು ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬರು, ಸ್ವಲ್ಪ ಚಿಕ್ಕದಾಗಿ ಮುಗಿಸಿದರೆ ಒಳ್ಳೆಯದು ಎಂದರು. ನೋಡಿದೆಯಾ? ಶಾಸ್ತ್ರವೂ ಇವರಿಗೆ ಚಿಕ್ಕದಾಗಿ ಬೇಕು. ಯಾರು ಎದ್ದು ಹೋಗುತ್ತಾರೋ ಈ ಸಲ ಕಣ್ಣಾರೆ ನೋಡುತ್ತೇನೆ.

ಅನಂತಮತಿಯನ್ನು ಕೇಳಲಿಲ್ಲ. ಕೇಳಬೇಕೆಂದು ಎರಡು ಸಲ ಅಡುಗೆಮನೆಯವರೆಗೆ ಹೋದೆ. ಮಣೆ ಯಾಕೆ ಒಯ್ದಿರಿ ಎಂದಳು, ಬೇಕಿತ್ತು ಎಂದೆ. ಅಷ್ಟೇ ಆಯಿತು.

ಧರ್ಮರಾಜ

*

ಕೇಣಿಚಿರ
8 ಸೆಪ್ಟೆಂಬರ್ 2025

ಸುಶೀಲಕ್ಕ,

ಇವತ್ತು ಕ್ಷಮಾವಾಣಿ. ಬಸದಿಯಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಿ ಈಗ ತಾನೇ ಬಂದೆ. ನಿನ್ನ ಹತ್ತಿರವೂ ಕೇಳುತ್ತೇನೆ. ನಿನ್ನ ಮಾತು ಜುಲೈಯಲ್ಲೇ ಕೇಳಿದ್ದರೆ ಇಷ್ಟು ತಡವಾಗುತ್ತಿರಲಿಲ್ಲ.

ಎರಡನೆಯ ದಿನ, ಅದೇ ಮಾರ್ದವದ ಅಧ್ಯಾಯ. ಮಣೆಯ ಮೇಲೆ ಠವಣೆ, ಠವಣೆಯ ಮೇಲೆ ಶಾಸ್ತ್ರ, ನಾನು ನೇರ ಕೂತಿದ್ದೆ. ಅಕ್ಷರ ಚೆನ್ನಾಗಿ ಕಂಡಿತು. ತಲೆ ಎತ್ತಿದೆ. ಜನವೂ ಕಂಡರು, ಅಕ್ಕ. ಯಾರ ಕೈಯಲ್ಲಿ ಜಪಮಣಿ, ಯಾವ ಮಗು ಯಾರ ತೊಡೆಯ ಮೇಲೆ, ಎಲ್ಲ ಕಂಡಿತು. ಚಾಪೆ ತುಂಬಿತ್ತು. ಆ ಸಂತೋಷಕ್ಕೆ ನನ್ನ ಓದಿಗೆ ರೆಕ್ಕೆ ಬಂತು. ಅರ್ಥದ ಮೇಲೆ ಅರ್ಥ, ಕತೆಯ ಮೇಲೆ ಕತೆ.

ಸ್ವಲ್ಪ ಹೊತ್ತಾದ ಮೇಲೆ ಮುಂದಿನ ಸಾಲಿನ ಹೆಂಗಸೊಬ್ಬಳು ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು. ಅವಳ ಪಕ್ಕದವಳೂ ನೋಡಿದಳು. ಆಮೇಲೆ ಗಂಡಸರ ಕಡೆಯಿಂದ ಒಬ್ಬ. ಒಬ್ಬರು ಶಾಲು ಮಡಿಸಿ ಹೆಗಲಿಗೆ ಹಾಕಿಕೊಂಡರು. ಶುರುವಾಯಿತು ಎಂದುಕೊಂಡೆ. ನನ್ನ ಧ್ವನಿ ಏರಿತು. ಎಲ್ಲರೂ ಮತ್ತೆ ಮತ್ತೆ ಅದೇ ಕಡೆ ನೋಡುತ್ತಿದ್ದರು. ಅಲ್ಲೇನಿದೆ ಎಂದು ನಾನೂ ನೋಡಿದೆ.

ಬಾಗಿಲಿನ ಮೇಲೆ ಗಡಿಯಾರ. ಅದು ಅಲ್ಲಿ ಇರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಓದುವ ಕನ್ನಡಕದಲ್ಲಿ ಅದು ಗೋಡೆಯ ಮೇಲಿನ ಒಂದು ಬಿಳಿ ಮಚ್ಚೆ, ಅದರತ್ತ ಗಮನವೇ ಹೋಗಿರಲಿಲ್ಲ. ಈಗ ಮುಳ್ಳು ಸಹ ಕಂಡಿತು. ಆರಕ್ಕೆ ಹತ್ತಿರ. ಇವರೆಲ್ಲ ಮನೆಗೆ ಹೋಗಿ, ಒಲೆ ಹೊತ್ತಿಸಿ, ಮಕ್ಕಳಿಗೂ ಮುದುಕರಿಗೂ ಬಡಿಸಿ, ಸೂರ್ಯ ಮುಳುಗುವುದರೊಳಗೆ ಉಂಡು ಕೈತೊಳೆಯಬೇಕು. ನನಗೆ ಒಪ್ಪೊತ್ತು. ನನಗೆ ಸಂಜೆಯ ಊಟವೇ ಇಲ್ಲ, ಹಾಗಾಗಿ ಸಂಜೆಯೂ ಇಲ್ಲ. ಹೋದ ವರ್ಷ ಉಳಿದಿದ್ದ ಆ ಮೂವರು ಮುದುಕರೂ ಒಪ್ಪೊತ್ತಿನವರೇ.

ಗಡಿಯಾರದ ಕೆಳಗೆ, ಹೊಸ್ತಿಲಿನಾಚೆ, ಅನಂತಮತಿ ನಿಂತಿದ್ದಳು. ಯಾವಾಗ ಎದ್ದು ಹೋಗಿದ್ದಳೋ, ಯಾವಾಗ ಬಂದಳೋ. ಕೈಯಲ್ಲಿ ಚೊಂಬು, ಅದರ ಬಾಯಿಗೆ ಲೋಟ ಮುಚ್ಚಿತ್ತು.

ನಾನು ವಾಕ್ಯದ ನಡುವೆಯೇ ನಿಲ್ಲಿಸಿ ಶಾಸ್ತ್ರ ಮುಚ್ಚಿದೆ. ಮಂಗಳವನ್ನು ಅಷ್ಟು ಬೇಗ ಯಾರೂ ಹಾಡಿರಲಿಕ್ಕಿಲ್ಲ. ಜನ ಎದ್ದು ಹೊರಟರು, ಮುಖ ಗಂಟಿಕ್ಕಿಕೊಂಡಲ್ಲ, ನಗುತ್ತಾ. ಶಾಲು ಮಡಿಸಿದವರು ಹತ್ತಿರ ಬಂದು, ಈ ವರ್ಷ ಓದೂ ಸಿಕ್ಕಿತು ಊಟವೂ ಸಿಕ್ಕಿತು ಧರ್ಮರಾಜ ಎಂದರು. ಶಾಸ್ತ್ರ ಓದುವಾಗ ನಡುವೆ ಬಾಯಿ ಹಾಕುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಹೋದ ವರ್ಷ ಅವರು ಹೇಳುವುದಾದರೂ ಹೇಗೆ? ಗಡಿಯಾರ ನನ್ನ ಕಣ್ಣೆದುರಿಗೇ ಇತ್ತು. ಕಂಡೂ ಹಟಕ್ಕೆ ಓದುತ್ತಿದ್ದಾನೆ, ನಮಗೆ ಉಪವಾಸ ಹಾಕಿಸಿ ಪುಣ್ಯ ಕಟ್ಟಿಕೊಳ್ಳುತ್ತಾನೆ ಎಂದು ಅವರು ತಿಳಿದುಕೊಂಡಿದ್ದರಂತೆ. ನಾನು ಅವರ ಮೇಲೆ ಸಿಟ್ಟು, ಅವರು ನನ್ನ ಮೇಲೆ.

ಬಾಗಿಲಿಗೆ ಬಂದು ನೀರು ಕುಡಿದೆ. ಬಿಸಿ ಇತ್ತು. ದಾರಿಯಲ್ಲಿ ಕೊನೆಗೂ ಕೇಳಿದೆ, ಹೋದ ವರ್ಷ ಯಾಕೆ ಎದ್ದು ಹೋದೆ ಎಂದು. ಅವಳು ನಡೆಯುತ್ತಲೇ ಹೇಳಿದಳು.

“ನಿಮಗೆ ನೀರು ಕಾಯಿಸಿ ತರೋಕೆ ಹೋಗಿದ್ದೆ. ಮುಳುಗಿದ ಮೇಲೆ ನೀವು ನೀರೂ ಕುಡಿಯಲ್ಲ ಅಲ್ವಾ. ಇದೇ ಚೊಂಬು ಹಿಡ್ಕೊಂಡು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ನೀವು ತಲೆ ಎತ್ತಿ ನನ್ನನ್ನೇ ನೋಡಿದ್ರಿ. ನೋಡಿ, ಪುಟ ತಿರುವಿದ್ರಿ. ಇನ್ನೊಂದ್ಸಲ ನೋಡಿದ್ರಿ, ಮತ್ತೆ ತಿರುವಿದ್ರಿ. ಸೂರ್ಯ ಮುಳುಗಿದ ಮೇಲೆ ನೀರನ್ನ ದಾಸವಾಳದ ಬುಡಕ್ಕೆ ಹೊಯ್ದು ಮನೆಗೆ ಹೋದೆ.”

ನನಗೆ ಕಾಣಲಿಲ್ಲ ಎಂದೆ.

“ಕಾಣಲ್ಲ ಅಂತ ನನಗೆ ಹೇಳಿದ್ರಾ?” ಎಂದಳು.

ಹೇಳಿರಲಿಲ್ಲ ಅಕ್ಕ. ಮೂರು ಅಂಗಡಿಯವರಿಗೆ ಹೇಳಿದ್ದೆ, ನಿನಗೆ ಬರೆದಿದ್ದೆ. ತಲೆ ಎತ್ತಿದರೆ ಎದುರಿನವರು ಹೊಗೆಯಾಗುತ್ತಾರೆ ಎಂದು ಅವಳಿಗೆ ಮಾತ್ರ ಹೇಳಿರಲಿಲ್ಲ. ಒಂದು ವರ್ಷ ಅವಳು, ಗಂಡ ನನ್ನನ್ನು ಕಂಡೂ ಕಾಣದಂತೆ ಪುಟ ತಿರುವಿದ ಎಂದುಕೊಂಡು ನನಗೆ ಬಡಿಸಿದ್ದಾಳೆ. ನನಗೆ ಅಲ್ಲೇ ರಸ್ತೆಯಲ್ಲಿ ಅಳು ಬಂತು. ಕನ್ನಡಕ ತೆಗೆದು ಒರೆಸಿಕೊಂಡೆ, ಮತ್ತೆ ಹಾಕಿಕೊಂಡೆ.

ಕನ್ನಡಕದ ಬದಿ ಈಗಲೂ ಅಲುಗಾಡುತ್ತದೆ, ಮೆಟ್ಟಿಲು ಈಗಲೂ ಏಳುತ್ತದೆ, ಗೀತುವಿನ ಶೀಲಮಾಗುಂ ಇನ್ನೂ ಪೂರ್ತಿ ಆಗಿಲ್ಲ. ಅವಳಿಗೆ ಇವತ್ತು ಫೋನು ಮಾಡಿ ಕ್ಷಮೆ ಕೇಳಿದೆ. ಯಾಕೆ ಸಾರೇ ಎಂದು ಗಾಬರಿಯಾದಳು.

ನೀನು ಮಷೀನು ಹಾಕಿಕೋ, ಮಾತು ಕೊಟ್ಟಿದ್ದೀಯ. ಉಳಿದ ಎಂಟು ದಿನವೂ ಓದು ಹೊತ್ತಿಗೆ ಸರಿಯಾಗಿ ಮುಗಿಯಿತು. ಗಡಿಯಾರವನ್ನು ನಾನು ನೋಡಲೇ ಇಲ್ಲ. ಅನಂತಮತಿ ಬಾಗಿಲಿಗೆ ಬಂದು ನಿಂತರೆ ಶಾಸ್ತ್ರ ಮುಚ್ಚುತ್ತಿದ್ದೆ.

ನಿನ್ನ ತಮ್ಮ,
ಧರ್ಮರಾಜ